ವರ್ಷಕ್ಕೊಂದು ಮೊಳ

ಕೊಡಗಿನ ಹಳ್ಳಿಗಳಲ್ಲಿ ಸಂಚರಿಸುವವರಿಗೆ ಕಾಫಿ ತೋಟಗಳ ಮತ್ತು ಭತ್ತದ ಗದ್ದೆಗಳ ನಡುವೆ ಅಲ್ಲಲ್ಲಿ ದಟ್ಟವಾದ ಮರಗಳ ಗುಂಪೊಂದು ಎದುರಾಗುತ್ತದೆ. ಸುತ್ತಲಿನ ತೋಟದ ಮರಗಳು ಕೊಂಬೆ ಸವರಿಸಿಕೊಂಡು ಶಿಸ್ತಿನಿಂದ ನಿಂತಿದ್ದರೆ, ಈ ಗುಂಪಿನ ಮರಗಳು ಮನಬಂದಂತೆ ಬೆಳೆದು, ಬಳ್ಳಿಗಳನ್ನು ಹೊದ್ದು, ಕಾಂಡದ ತುಂಬ ಹಾವಸೆಯನ್ನು ಮೆತ್ತಿಕೊಂಡು ನಿಂತಿರುತ್ತವೆ. ಅವುಗಳ ನೆರಳಿನಲ್ಲಿ ಚಿಕ್ಕದೊಂದು ಗುಡಿ ಇರಬಹುದು. ಒಂದು ಕಟ್ಟೆ ಇರಬಹುದು. ಅಥವಾ ಬರಿಯ ಒಂದು ಕಲ್ಲು ಇರಬಹುದು. ಅಯ್ಯಪ್ಪನ ನೆಲೆಯಾದರೆ ಹರಕೆ ಹೊತ್ತವರು ತಂದೊಪ್ಪಿಸಿದ ಮಣ್ಣಿನ ನಾಯಿಗಳು ತರಗೆಲೆಗಳ ನಡುವೆ ಕಿವಿ ನಿಮಿರಿಸಿ ಕುಳಿತಿರುತ್ತವೆ. ಇದೇ ದೇವರಕಾಡು. ಇಲ್ಲಿಯ ಮರಕ್ಕೆ ಕೊಡಲಿ ತಾಗಿಸಬಾರದು ಎಂಬುದು ಹಿರಿಯರ ಕಟ್ಟಳೆ. ಶಾಸನವಿಲ್ಲದೆ, ಕಾವಲುಗಾರನಿಲ್ಲದೆ, ಕೇವಲ ಭಕ್ತಿ ಮತ್ತು ಭಯಗಳ ಬಲದಿಂದ ಈ ಕಾಡುಗಳು ತಲೆಮಾರುಗಳ ಕಾಲ ಉಳಿದುಬಂದವು.

ಕೊಡಗು ಜಿಲ್ಲೆಯಲ್ಲಿ ಇಂಥ ದೇವರಕಾಡುಗಳು 1,214 ಇವೆಯೆಂದು ಲೆಕ್ಕ. 1905ರಲ್ಲಿ ಇವುಗಳ ಒಟ್ಟು ವಿಸ್ತೀರ್ಣ ಸುಮಾರು 15,500 ಎಕರೆ ಇತ್ತು. 1985ರ ಹೊತ್ತಿಗೆ ಉಳಿದದ್ದು ಸುಮಾರು 6,300 ಎಕರೆ. ಎಂಬತ್ತು ವರ್ಷಗಳಲ್ಲಿ 9,200 ಎಕರೆ ಕಾಡು ಕರಗಿಹೋಯಿತು. ಈ ಅವಧಿಯಲ್ಲಿ ಅಲ್ಲಿ ಯಾವ ಮಹಾ ಅಣೆಕಟ್ಟಿನ ನೀರೂ ಈ ಕಾಡುಗಳೆಲ್ಲವನ್ನು ಮುಳುಗಿಸಲಿಲ್ಲ. ಯಾವ ಕಾಳ್ಗಿಚ್ಚೂ ಅವನ್ನು ಒಟ್ಟಿಗೆ ಸುಡಲಿಲ್ಲ. ಹಾಗಾದರೆ ಅಷ್ಟು ಕಾಡು ಹೋದದ್ದು ಎಲ್ಲಿಗೆ? ದೇವರಿಗೆ ಅಂಜುವ ಜನರ ಕಣ್ಣೆದುರಿಗೇ ದೇವರ ಕಾಡಿನ ಅರ್ಧಕ್ಕಿಂತ ಹೆಚ್ಚು ಪಾಲು ಮಾಯವಾದದ್ದು ಹೇಗೆ?

ಇದಕ್ಕೆ ಉತ್ತರವನ್ನು ಸಾಧಾರಣವಾದ ಅಂಕಗಣಿತವೇ ಕೊಡುತ್ತದೆ. 1,214 ಕಾಡುಗಳ ಲೆಕ್ಕವನ್ನೇ ಇಟ್ಟುಕೊಂಡು ಈ ನಷ್ಟವನ್ನು ಎಲ್ಲ ಕಾಡುಗಳಿಗೂ ಎಲ್ಲ ವರ್ಷಗಳಿಗೂ ಸಮನಾಗಿ ಹಂಚಿದರೆ, ಒಂದು ಕಾಡಿನ ಪಾಲಿಗೆ ವರ್ಷಕ್ಕೆ ಬರುವುದು ನಾಲ್ಕು ಗುಂಟೆಗಿಂತಲೂ ಕಡಿಮೆ. ಕಾಡು ಚೌಕಾಕಾರವಾಗಿದ್ದು ನಾಲ್ಕು ಕಡೆಯಿಂದಲೂ ಒಂದೇ ಸಮನೆ ಒತ್ತುವರಿಯಾಯಿತೆಂದು ಭಾವಿಸಿದರೆ, ಬೇಲಿ ಒಳಗೆ ಸರಿದದ್ದು ವರ್ಷಕ್ಕೆ ಸುಮಾರು ಅರ್ಧ ಮೀಟರು. ಹಳೆಯ ಅಳತೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಒಂದು ಮೊಳ. ವಾಸ್ತವದಲ್ಲಿ ನಷ್ಟವು ಹೀಗೆ ಸಮನಾಗಿ ಹಂಚಿಹೋಗಿರಲಾರದು. ಕೆಲವು ಕಾಡುಗಳಿಗೆ ಪೆಟ್ಟು ಹೆಚ್ಚು, ಕೆಲವಕ್ಕೆ ಕಡಿಮೆ. ಆದರೂ ಈ ಸರಾಸರಿಯಲ್ಲಿ ಒಂದು ಸತ್ಯ ಅಡಗಿದೆ. ವರ್ಷಕ್ಕೊಂದು ಮೊಳ ಸರಿಯುವ ಬೇಲಿಯನ್ನು ಯಾರೂ ಗಮನಿಸುವುದಿಲ್ಲ. ಮೊದಲ ವರ್ಷ ಅಂಚಿನ ಪೊದೆ ಹೋಗುತ್ತದೆ. ಮರುವರ್ಷ ಅಲ್ಲಿ ಕಾಫಿ ಗಿಡದ ಒಂದು ಸಾಲು ಕಾಣಿಸಿಕೊಳ್ಳುತ್ತದೆ. ಮೂರನೆಯ ವರ್ಷ ಆ ಸಾಲೇ ಗಡಿಯೆಂದು ಎಲ್ಲರೂ ಒಪ್ಪಿಬಿಟ್ಟಿರುತ್ತಾರೆ. ಮಗನು ಬಾಲ್ಯದಲ್ಲಿ ಕಂಡದ್ದನ್ನೇ ಕಾಡಿನ ಮೂಲ ಎಲ್ಲೆಯೆಂದು ತಿಳಿಯುತ್ತಾನೆ. ತಂದೆಯು ಕಂಡಿದ್ದ ಎಲ್ಲೆ ತಂದೆಯ ಜೊತೆಗೇ ಮಣ್ಣಾಗುತ್ತದೆ. ಹನಿಗೂಡಿ ಹಳ್ಳವಾಗುತ್ತದೆ ಎಂಬ ಗಾದೆಯನ್ನು ಸಂಪಾದನೆಯ ಹಿತನುಡಿಯಾಗಿ ಹೇಳುವುದು ವಾಡಿಕೆ. ನಷ್ಟವೂ ಹನಿಹನಿಯಾಗಿಯೇ ಹಳ್ಳವಾಗುತ್ತದೆ ಎಂಬುದನ್ನು ನೆನೆಯುವವರು ವಿರಳ.

ಇಷ್ಟು ಚಿಕ್ಕ ಕಾಡುಗಳು ಇದ್ದರೇನು, ಹೋದರೇನು ಎಂದು ಕೇಳುವವರುಂಟು. ಅವರು ಕಾಡನ್ನು ಎಕರೆಗಳಲ್ಲಿ ಮಾತ್ರ ಅಳೆಯುತ್ತಾರೆ. ಆದರೆ ಜೀವಿಗಳಿಗೆ ಮುಖ್ಯವಾದದ್ದು ಕಾಡಿನ ಒಡಲು. ಕಾಡಿನ ಅಂಚಿನಲ್ಲಿ ಬಿಸಿಲು ಒಳನುಗ್ಗುತ್ತದೆ, ಗಾಳಿ ಬೀಸುತ್ತದೆ, ನೆಲದ ತೇವ ಆರುತ್ತದೆ. ಲಂಟಾನದಂಥ ಕಳೆಗಳು ಹಬ್ಬುತ್ತವೆ. ಒಡಲಿನಲ್ಲಿ ಮಾತ್ರ ತಂಪು, ತೇವ, ಮಬ್ಬು ಇವು ಉಳಿದಿರುತ್ತವೆ. ಅವನ್ನೇ ನಂಬಿ ಬದುಕುವ ಸಸಿಗಳು, ಕಪ್ಪೆಗಳು, ಅಣಬೆಗಳು, ಹಕ್ಕಿಗಳು ಅಲ್ಲಿ ಆಶ್ರಯ ಪಡೆದಿರುತ್ತವೆ. ಬ್ರೆಜಿಲ್ ದೇಶದ ಮನೌಸ್ ನಗರದ ಉತ್ತರಕ್ಕಿರುವ ಅಮೆಜಾನ್ ಕಾಡಿನಲ್ಲಿ ಥಾಮಸ್ ಲವ್‌ಜಾಯ್ ಎಂಬ ವಿಜ್ಞಾನಿ 1979ರಲ್ಲಿ ಒಂದು ದೀರ್ಘ ಪ್ರಯೋಗವನ್ನು ಆರಂಭಿಸಿದನು. ಸುತ್ತಲಿನ ಕಾಡು ಹುಲ್ಲುಗಾವಲಾದಾಗ ನಡುವೆ ಉಳಿಸಿಕೊಂಡ ಒಂದು, ಹತ್ತು ಮತ್ತು ನೂರು ಹೆಕ್ಟೇರಿನ ತುಂಡುಗಳಲ್ಲಿ ಏನಾಗುತ್ತದೆ ಎಂಬುದನ್ನು ವರ್ಷವರ್ಷವೂ ಗುರುತಿಸುತ್ತ ಹೋದುದು ಆ ಪ್ರಯೋಗದ ಹಿರಿಮೆ. ಅಂಚಿನಿಂದ ನೂರು ಮೀಟರು ಒಳಗಿನವರೆಗೂ ದೊಡ್ಡ ಮರಗಳು ಹೆಚ್ಚು ಸಂಖ್ಯೆಯಲ್ಲಿ ಸಾಯುವುದು ಅಲ್ಲಿ ಕಂಡುಬಂತು.

ಈ ತಿಳಿವನ್ನು ದೇವರಕಾಡಿಗೆ ಅನ್ವಯಿಸಿ ನೋಡಬಹುದು. ಅಂಚಿನ ಉಪದ್ರವವು ನೂರು ಮೀಟರಲ್ಲ, ಬರಿಯ ಮೂವತ್ತು ಮೀಟರು ಒಳಗೆ ಹೋಗುತ್ತದೆ ಎಂದೇ ಇಟ್ಟುಕೊಳ್ಳೋಣ. 1905ರ ಸರಾಸರಿ ದೇವರಕಾಡು ಸುಮಾರು ಹದಿಮೂರು ಎಕರೆ. ಚೌಕವಾಗಿದ್ದರೆ ಅದರ ಒಂದು ಪಕ್ಕ 227 ಮೀಟರು. ಸುತ್ತಲೂ ಮೂವತ್ತು ಮೀಟರು ಕಳೆದರೆ ಅರ್ಧಕ್ಕಿಂತ ಹೆಚ್ಚು ಭಾಗ ಒಡಲಾಗಿ ಉಳಿಯುತ್ತದೆ. 1985ರ ಸರಾಸರಿ ಕಾಡು ಐದು ಎಕರೆಗಿಂತ ಸ್ವಲ್ಪ ಹೆಚ್ಚು. ಅದರ ಪಕ್ಕ 145 ಮೀಟರು. ಅದೇ ರೀತಿಯಲ್ಲಿ ಕಳೆದರೆ ಉಳಿಯುವ ಒಡಲು ಮೂರನೆಯ ಒಂದು ಭಾಗ ಮಾತ್ರ. ಕಾಡಿನ ವಿಸ್ತೀರ್ಣ ಐದರಲ್ಲಿ ಎರಡು ಪಾಲಿಗೆ ಇಳಿಯುವಷ್ಟರಲ್ಲಿ ಅದರ ಒಡಲು ಕಾಲುಪಾಲಿಗೆ ಇಳಿದಿರುತ್ತದೆ! ಇನ್ನು ಆ ಐದು ಎಕರೆಯ ನಡುವೆ ಜೀಪು ಹೋಗುವಷ್ಟು ಅಗಲದ ಒಂದು ದಾರಿ ಬಿದ್ದರಂತೂ ಎರಡು ಹೊಸ ಅಂಚುಗಳು ಹುಟ್ಟಿ, ಒಡಲೆಂಬುದು ಬಹುಪಾಲು ಇಲ್ಲದಂತಾಗುತ್ತದೆ. ದಾಖಲೆಯಲ್ಲಿ ಮಾತ್ರ ನಷ್ಟ ಕೆಲವೇ ಗುಂಟೆ. ಚಿಕ್ಕ ಕಾಡಿಗೆ ಚಿಕ್ಕ ಗಾಯವೂ ಪ್ರಾಣಾಂತಿಕ ಎಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ಚಿಕ್ಕ ಕಾಡನ್ನು ಕಾಯುವವನಿಗೆ ಬೇಕಾದದ್ದು ಮೊಳದ ವ್ಯತ್ಯಾಸವನ್ನು ಕಾಣಬಲ್ಲ ಕಣ್ಣು ಮತ್ತು ಕಳೆದ ವರ್ಷ ಕಂಡದ್ದನ್ನು ಮರೆಯದ ನೆನಪು. ಮನುಷ್ಯನ ಕಣ್ಣಿಗೆ ಮೊದಲನೆಯ ಶಕ್ತಿ ಉಂಟು. ನೆನಪಿಗೆ ಎರಡನೆಯದು ಇಲ್ಲ. ಉಪಗ್ರಹಗಳ ವಿಷಯ ಇದಕ್ಕೆ ತಿರುವುಮುರುವು. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವು ಹಾರಿದಂದಿನಿಂದ ಭೂಮಿಯ ಚಿತ್ರಗಳು ಅಚ್ಚಳಿಯದೆ ಸಂಗ್ರಹವಾಗುತ್ತ ಬಂದಿವೆ. ಭಾರತವೂ 1988ರಲ್ಲಿ ತನ್ನ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹವನ್ನು ಹಾರಿಸಿತು. ದೊಡ್ಡ ಅಡವಿಗಳ ಅಳಿವನ್ನು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿ ಈ ಕಣ್ಣುಗಳಿಗೆ ಸಲ್ಲಬೇಕು. ಆದರೆ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಮೂವತ್ತು ಮೀಟರಿನ ಚೌಕ. ಅಂದರೆ ಸುಮಾರು ಒಂಬತ್ತು ಗುಂಟೆ. ವರ್ಷಕ್ಕೆ ನಾಲ್ಕು ಗುಂಟೆಯ ನಷ್ಟವು ಆ ಕಣ್ಣಿಗೆ ಅರ್ಧ ಚುಕ್ಕೆಯೂ ಅಲ್ಲ. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್ ಉಪಗ್ರಹದ ಚುಕ್ಕೆ ಹತ್ತು ಮೀಟರಿನದು. ಬೇಲಿ ಮೊಳ ಸರಿದದ್ದು ಅದಕ್ಕೂ ಕಾಣದು. 2019ರಲ್ಲಿ ಭಾರತವು ಹಾರಿಸಿದ ಕಾರ್ಟೋಸ್ಯಾಟ್-3ರಂಥ ತೀಕ್ಷ್ಣದೃಷ್ಟಿಯ ಉಪಗ್ರಹಗಳು ಇಲ್ಲವೆಂದಲ್ಲ. ಆದರೆ ಅವು ಹಳ್ಳಿಯವರ ಅಗತ್ಯಕ್ಕೆ ತಕ್ಕಂತೆ ಹಳ್ಳಿಯ ಮೇಲೆ ನಿಲ್ಲುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಕೊಡಗಿನ ಮೋಡಗಳು ಅವಕ್ಕೂ ತೆರೆಯೆಳೆಯುತ್ತವೆ.

ಎತ್ತರದ ಕಣ್ಣಿಗೆ ಇನ್ನೊಂದು ಭ್ರಮೆಯೂ ಉಂಟು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪ್ರಕಟಿಸುವ ವರದಿಯಲ್ಲಿ, ಒಂದು ಹೆಕ್ಟೇರು ಅಥವಾ ಅದಕ್ಕಿಂತ ಹೆಚ್ಚಿನ ನೆಲದಲ್ಲಿ ನೂರಕ್ಕೆ ಹತ್ತರಷ್ಟಾದರೂ ಮರಗಳ ನೆರಳಿದ್ದರೆ, ಅದು ಯಾರ ನೆಲವೇ ಆಗಿರಲಿ, ಅರಣ್ಯಾವರಣವೆಂದು ಎಣಿಕೆಯಾಗುತ್ತದೆ. ದೇಶದ ಹಸಿರನ್ನು ಒಟ್ಟಾಗಿ ತಿಳಿಯಲು ಈ ಮಾನದಂಡ ಉಪಯುಕ್ತವಾದೀತು. ಆದರೆ ದೇವರಕಾಡಿನ ಅಂಚನ್ನು ಕಡಿದು, ಅಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರಗಳನ್ನು ಸಾಲಾಗಿ ನೆಟ್ಟು, ಕೆಳಗೆ ಕಾಫಿಯನ್ನು, ಕಾಂಡಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿದರೆ ನಕ್ಷೆಯ ಹಸಿರು ಹಸಿರಾಗಿಯೇ ಉಳಿಯುತ್ತದೆ. ಕಾಡು ತೋಟವಾದ ಸುದ್ದಿ ನಕ್ಷೆಗೆ ತಲುಪುವುದೇ ಇಲ್ಲ. ಕಾಫಿ ತೋಟವು ಕಾಡಿನ ಶತ್ರುವೆಂದು ಇದರ ಅರ್ಥವಲ್ಲ. ಕಾಡುಮರಗಳ ನೆರಳನ್ನು ಉಳಿಸಿಕೊಂಡ ತೋಟಗಳು ಅನೇಕ ಹಕ್ಕಿಗಳಿಗೆ ಆಸರೆಯಾಗಿವೆ. ಆದರೂ ತೋಟ ತೋಟವೇ, ಕಾಡು ಕಾಡೇ. ಒಂದನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಇಂಥ ಸಂದರ್ಭದಲ್ಲಿ ಡ್ರೋನ್ ಎಂಬ ಪುಟ್ಟ ಯಂತ್ರದ ಬೆಲೆ ಗೊತ್ತಾಗುತ್ತದೆ. ನಾಲ್ಕು ರೆಕ್ಕೆಗಾಲಿಗಳ ಬಲದಿಂದ ಮೇಲೇಳುವ ಈ ಚಾಲಕರಹಿತ ಯಂತ್ರದ ಒಡಲಿಗೆ ಕ್ಯಾಮೆರಾವನ್ನು ಬಿಗಿದಿರುತ್ತಾರೆ. ನೂರು ಮೀಟರು ಎತ್ತರದಲ್ಲಿ, ನೇಗಿಲು ಸಾಲಿನಂತೆ ಹೋಗುತ್ತ ಬರುತ್ತ, ಅದು ಒಂದರ ಮೇಲೊಂದು ಬಹುಪಾಲು ಹಾಯುವಂತೆ ನೂರಾರು ಚಿತ್ರಗಳನ್ನು ತೆಗೆಯುತ್ತದೆ. ಗಣಕಯಂತ್ರವು ಇವನ್ನು ಹೆಣೆದು ಇಡೀ ಕಾಡಿನ ಒಂದೇ ಚಿತ್ರವನ್ನಾಗಿ ಮಾಡುತ್ತದೆ. ಈ ಚಿತ್ರದ ಒಂದು ಚುಕ್ಕೆಯು ನೆಲದ ಮೇಲೆ ಕೆಲವೇ ಸೆಂಟಿಮೀಟರು. ಒಂದೊಂದು ಮರದ ತಲೆಯನ್ನೂ ಬೇರೆಬೇರೆಯಾಗಿ ಎಣಿಸಬಹುದು. ಸಿಲ್ವರ್ ಓಕ್ ಮರಗಳ ನೇರ ಸಾಲನ್ನು ಕಾಡುಮರಗಳ ಅಡ್ಡಾದಿಡ್ಡಿಯಿಂದ ಬೇರ್ಪಡಿಸಬಹುದು. ಒಂದೇ ಮರವನ್ನು ಬೇರೆಬೇರೆ ಕೋನಗಳಿಂದ ತೆಗೆದ ಚಿತ್ರಗಳಿರುವುದರಿಂದ ಅದರ ಎತ್ತರವನ್ನೂ ಲೆಕ್ಕಹಾಕಬಹುದು. ದೊಡ್ಡ ಅಭಯಾರಣ್ಯಕ್ಕೆ ಈ ಯಂತ್ರದ ಹಾರಾಟ ಸಾಲದು. ಅದರ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯಷ್ಟೇ ಬಾಳುತ್ತದೆ. ಆದರೆ ಐದು ಎಕರೆಯ ಕಾಡಿಗೆ ಅಷ್ಟು ಹೊತ್ತು ಧಾರಾಳ. ದೊಡ್ಡ ಕಣ್ಣಿಗೆ ಕಾಣದಷ್ಟು ಚಿಕ್ಕದೆಂಬ ದೇವರಕಾಡಿನ ದೌರ್ಬಲ್ಯವೇ ಇಲ್ಲಿ ಅನುಕೂಲವಾಗಿ ಪರಿಣಮಿಸುತ್ತದೆ.

ಆದರೆ ಒಮ್ಮೆ ಹಾರಿಸಿ ಚೆಲುವಾದ ಚಿತ್ರ ತೆಗೆದು ಗೋಡೆಗೆ ತೂಗುಹಾಕಿದರೆ ಕಾಡಿಗೆ ಏನೂ ಪ್ರಯೋಜನವಿಲ್ಲ. ಒಂದು ಚಿತ್ರ ಒಂದು ನೋಟ ಮಾತ್ರ. ಎರಡು ಚಿತ್ರಗಳ ನಡುವಿನ ಅಂತರವೇ ಜ್ಞಾನ. ಪ್ರತಿ ವರ್ಷವೂ ಅದೇ ತಿಂಗಳು, ಅದೇ ಹೊತ್ತು, ಅದೇ ಎತ್ತರ, ಅದೇ ದಾರಿ ಎಂಬ ನೇಮ ಬೇಕು. ತಿಂಗಳು ಬದಲಾದರೆ ಎಲೆ ಉದುರಿದ ಮರವು ಸತ್ತ ಮರವೆಂದು ತೋರಬಹುದು. ಹೊತ್ತು ಬದಲಾದರೆ ನೆರಳು ಬಯಲನ್ನು ನುಂಗಬಹುದು. ನೆಲದ ಮೇಲೆ ಅಲುಗದ ಗುರುತುಗಳನ್ನು ನೆಟ್ಟು, ಅವುಗಳಿಗೆ ಚಿತ್ರವನ್ನು ಹೊಂದಿಸದಿದ್ದರೆ ಅಳತೆಯೇ ಒಂದೆರಡು ಮೀಟರು ತಪ್ಪೀತು. ಮೊಳದ ನಷ್ಟವನ್ನು ಹುಡುಕುವವರಿಗೆ ಅಂಥ ತಪ್ಪು ಕಳ್ಳನಿಗೆ ಕೊಟ್ಟ ಕತ್ತಲೆ. ಹಿಂದಿನವರು ಎಲ್ಲೆಯಲ್ಲಿ ಬಾಂದುಕಲ್ಲು ನೆಟ್ಟದ್ದು ಇದೇ ಕಾರಣಕ್ಕೆ. ಕಲ್ಲಿನ ಕೆಲಸ ಈಗಲೂ ಮುಗಿದಿಲ್ಲ. ಆ ಕಲ್ಲನ್ನೇ ರಾತ್ರಿ ಕಿತ್ತು ಆಚೆ ನೆಟ್ಟರೆ ಹಿಂದಿನ ವರ್ಷದ ಚಿತ್ರವು ಅದನ್ನು ಹೇಳುತ್ತದೆ ಎಂಬುದಷ್ಟೇ ಹೊಸತು.

ಯಂತ್ರದ ಮಿತಿಯನ್ನೂ ಅರಿತಿರುವುದು ಅವಶ್ಯಕ. ಡ್ರೋನ್ ಕಾಣುವುದು ಕಾಡಿನ ತಲೆಯನ್ನು, ಬುಡವನ್ನಲ್ಲ. ಮೇಲೆ ಹಸಿರು ಕೊಡೆ ಬಿಚ್ಚಿ ನಿಂತಿರುವಾಗ ಕೆಳಗೆ ಸಸಿಗಳನ್ನೆಲ್ಲ ಸವರಿ ನೆಲವನ್ನು ಗುಡಿಸಿಬಿಟ್ಟಿರಬಹುದು. ಸಸಿಯಿಲ್ಲದ ಕಾಡು ಮಕ್ಕಳಿಲ್ಲದ ಊರಿದ್ದಂತೆ. ಇಂದಿನ ಮರಗಳು ಮುಪ್ಪಾದ ದಿನ ಅದು ಕೊನೆಗೊಳ್ಳುತ್ತದೆ. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ಬೀಜವನ್ನು ಬೇರೆ ಕಾಡಿಗೆ ಒಯ್ದಿತೇ ಇಲ್ಲವೇ, ಕಪ್ಪೆ ಈ ಮಳೆಗಾಲದಲ್ಲಿ ವಟಗುಟ್ಟಿತೇ ಇಲ್ಲವೇ ಎಂಬುದು ಕಾಲ್ನಡಿಗೆಯಲ್ಲಿ ಹೋದವನಿಗೆ ಮಾತ್ರ ತಿಳಿಯುತ್ತದೆ. ಅಲ್ಲದೆ ಯಂತ್ರದ ಮೊರೆತವು ಗೂಡುಕಟ್ಟುವ ಹಕ್ಕಿಗಳನ್ನು ಬೆದರಿಸಬಹುದಾದ್ದರಿಂದ ಹಾರಿಸುವವನಿಗೆ ಋತುಜ್ಞಾನವೂ ಬೇಕು. ಮೇಲಿನ ಕಣ್ಣಿಗೆ ಕೆಳಗಿನ ಕಾಲು ಜೊತೆಯಾದಾಗಲೇ ಕಾಡಿನ ಪರಿಚಯ ಪೂರ್ಣವಾಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಆಕಾಶದಲ್ಲಿ ನಿಂತ ಕಣ್ಣು ಮರವನ್ನಷ್ಟೇ ನೋಡುತ್ತದೆಯೇ? ಉತ್ತರಾಖಂಡದ ಕಾರ್ಬೆಟ್ ಹುಲಿ ರಕ್ಷಿತಾರಣ್ಯದ ಸುತ್ತಲಿನ ಹಳ್ಳಿಗಳ ವಿಷಯವಾಗಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡುಪ್ರಾಣಿಗಳಿಗಾಗಿ ಇಟ್ಟ ಕ್ಯಾಮೆರಾಗಳೂ ಡ್ರೋನ್‌ಗಳೂ ಸೌದೆ ಸೊಪ್ಪಿಗೆ ಹೋಗುವ ಹೆಂಗಸರ ಪಾಲಿಗೆ ಭಯದ ಕಾರಣವಾದದ್ದನ್ನು ವಿವರಿಸಿದೆ. ಮನೆಯಲ್ಲಿ ಆಡಲಾರದ ಮಾತನ್ನು ಕಾಡಿನ ಏಕಾಂತದಲ್ಲಿ ಆಡಿಕೊಂಡು ಹಗುರಾಗುತ್ತಿದ್ದವರು ಅಲ್ಲಿಯೂ ಬಾಯಿ ಕಟ್ಟಿಕೊಳ್ಳಬೇಕಾಯಿತು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕಾಡನ್ನು ಉಳಿಸುವ ನೆವದಲ್ಲಿ ಬಡವರ ಬೆನ್ನಿಗೆ ಕಣ್ಣು ಕಟ್ಟುವುದಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಆದುದರಿಂದ ದೇವರಕಾಡಿನ ಮೇಲೆ ಡ್ರೋನ್ ಹಾರುವುದಾದರೆ ಅದು ಊರಿಗೆ ಮುಂಚಿತವಾಗಿ ತಿಳಿಸಿದ ದಿನ, ಹಗಲು ಹೊತ್ತಿನಲ್ಲಿ, ವರ್ಷಕ್ಕೆ ಒಂದೋ ಎರಡೋ ಬಾರಿ ಮಾತ್ರ ಹಾರಬೇಕು. ಅದು ಅಳೆಯಬೇಕಾದದ್ದು ನೆಲವನ್ನು; ಬೆನ್ನಟ್ಟಬೇಕಾದದ್ದು ಯಾರನ್ನೂ ಅಲ್ಲ. ವರ್ಷದ ಚಿತ್ರವು ಕಚೇರಿಯ ಕಡತದೊಳಗೆ ಅಡಗದೆ ಊರವರ ಕೈಗೇ ಬರಬೇಕು. ನೋಡಲ್ಪಡುವವರಿಗೂ ನೋಡುವ ಹಕ್ಕಿದ್ದರೆ ಆ ನೋಟದಲ್ಲಿ ಅಂಜಿಕೆಯಿರುವುದಿಲ್ಲ.

ಭಕ್ತಿಯೇ ಕಾಯುತ್ತಿದ್ದ ಕಾಡಿಗೆ ಯಂತ್ರವೇಕೆ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಭಕ್ತಿಯು ದೇವರಕಾಡಿನ ನಡುವನ್ನು ನಿಷ್ಠೆಯಿಂದ ಕಾಯಿತು, ಅಂಚನ್ನು ಕಾಯಲಾಗಲಿಲ್ಲ. ದೇವರ ಕಲ್ಲನ್ನು ಮುಟ್ಟಲು ಅಂಜುವ ಕೈ, ದೇವರ ಕಾಡಿನ ಕೊನೆಯ ಪೊದೆಯನ್ನು ಕಡಿಯಲು ಅಂಜಲಿಲ್ಲ. ಎಷ್ಟೋ ಕಡೆ ಗುಡಿಗೆ ಕಾಂಕ್ರೀಟಿನ ಮಂಟಪ ಬಂತು, ಅಂಗಳ ಬಂತು, ವಾಹನಗಳು ನಿಲ್ಲುವ ಜಾಗ ಬಂತು. ಗುಡಿ ದೊಡ್ಡದಾದಂತೆ ಕಾಡು ಚಿಕ್ಕದಾಯಿತು. ಇದನ್ನು ಮಾಡಿದವರೆಲ್ಲರೂ ದುರುಳರಲ್ಲ. ತುಂಡು ನೆಲದ ಬಡ ಬೇಸಾಯಗಾರನೂ ಇದ್ದಾನೆ, ದೊಡ್ಡ ತೋಟದ ಒಡೆಯನೂ ಇದ್ದಾನೆ, ದೇವರಿಗೆ ಒಳ್ಳೆಯದಾಗಲೆಂದೇ ಮಂಟಪ ಕಟ್ಟಿಸಿದ ಭಕ್ತನೂ ಇದ್ದಾನೆ. ತಾವು ತೆಗೆದುಕೊಂಡದ್ದು ಒಂದು ಮೊಳ ಮಾತ್ರವೆಂದು ಪ್ರತಿಯೊಬ್ಬರೂ ನಂಬಿದ್ದರು. ಅದು ನಿಜವೂ ಆಗಿತ್ತು. ಎಲ್ಲರ ಮೊಳಗಳನ್ನೂ ಒಟ್ಟುಗೂಡಿಸಿ ತೋರಿಸುವವರು ಮಾತ್ರ ಇರಲಿಲ್ಲ. ಡ್ರೋನ್ ಚಿತ್ರದ ಕೆಲಸ ಇದೇ. ಅದು ತೀರ್ಪು ಕೊಡುವ ನ್ಯಾಯಾಧೀಶನಲ್ಲ. ಕೂಡಿ ಹೇಳುವ ಸಾಕ್ಷಿ.

ಇದೆಲ್ಲ ಹಳ್ಳಿಗೆ ಎಟುಕದ ಕನಸೆಂದು ತಳ್ಳಿಹಾಕುವಂತಿಲ್ಲ. 2020ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ನಿವೇಶನಗಳ ಎಲ್ಲೆಯನ್ನು ಡ್ರೋನ್‌ಗಳಿಂದಲೇ ಅಳೆಯಲಾಗುತ್ತದೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರ ಡ್ರೋನ್ ನಿಯಮಗಳು ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಎಂಬುದನ್ನು ನಕ್ಷೆಯಲ್ಲಿಯೇ ಗುರುತಿಸಿ ತೋರಿಸುತ್ತವೆ. ಮನುಷ್ಯನ ಮನೆಯ ಎಲ್ಲೆಯನ್ನು ಸೆಂಟಿಮೀಟರುಗಳಲ್ಲಿ ಅಳೆದು ಪತ್ರ ಬರೆದುಕೊಡುವ ನಾಡು, ಹಕ್ಕಿಯ ಮನೆಯ ಎಲ್ಲೆಯನ್ನು ವರ್ಷಕ್ಕೊಮ್ಮೆ ಅಳೆಯಲಾರದೆ? ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ; ಹಳ್ಳಿಹಳ್ಳಿಗಳಲ್ಲಿ ದೇವರಕಾಡಿನ ಹೊಣೆ ಹೊತ್ತ ದೇವತಕ್ಕರಿದ್ದಾರೆ; ಲೆಕ್ಕ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಗಳಿದ್ದಾರೆ. ಹಾರಿಸುವ ಕೆಲಸವನ್ನು ಬಲ್ಲವರು ಮಾಡಲಿ; ಮರದ ಹೆಸರನ್ನು ಹಿರಿಯರು ಹೇಳಲಿ; ಸಸಿಗಳನ್ನು ಎಣಿಸುವ, ಹಿಂದಿನ ವರ್ಷದ ಚಿತ್ರದ ಮೇಲೆ ಈ ವರ್ಷದ ಗೆರೆಯನ್ನು ಎಳೆಯುವ ಕೆಲಸ ಮಕ್ಕಳದಾಗಲಿ. ಊರಿನ ಕಾಡಿನ ಚರಿತ್ರೆಯನ್ನು ಬರೆಯುವುದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಇನ್ನೊಂದಿಲ್ಲ.

ದೇವರಕಾಡಿನಲ್ಲಿ ವರ್ಷದ ಹಬ್ಬ ನಡೆಯುವಾಗ ಊರಿಗೆ ಊರೇ ಸೇರುತ್ತದೆ. ಆ ದಿನ ಹೋದ ವರ್ಷದ ಚಿತ್ರವನ್ನೂ ಈ ವರ್ಷದ ಚಿತ್ರವನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ಎಲ್ಲರಿಗೂ ತೋರಿಸುವಂತಾಗಬೇಕು. ಗೆರೆ ಇದ್ದಲ್ಲಿಯೇ ಇದ್ದರೆ ಊರು ಸಂತೋಷಪಡಲಿ. ಸರಿದಿದ್ದರೆ ಯಾರನ್ನೂ ಜರೆಯದೆ, ಸರಿದ ಮೊಳವನ್ನು ಮರಳಿಸುವ ಮಾತು ಅಲ್ಲಿಯೇ ನಡೆಯಲಿ. ಒಂದು ಮೊಳವನ್ನು ಮರಳಿ ಕೊಡುವುದು ಯಾರಿಗೂ ಕಷ್ಟವಲ್ಲ. ನಲವತ್ತು ಮೀಟರನ್ನು ಮರಳಿ ಕೊಡುವುದು ಯಾರಿಂದಲೂ ಆಗದು. ಹರಕೆಯ ಮಣ್ಣಿನ ನಾಯಿಗಳು ತಲೆಮಾರುಗಳಿಂದ ಕಾಡಿನ ನಡುವೆ ಕುಳಿತು ಕಾದಿವೆ, ಆದರೆ ಅವು ಬೊಗಳಲಾರವು. ಹಾರುವ ಯಂತ್ರವೂ ಬೊಗಳಲಾರದು. ಅದು ಕಂಡದ್ದನ್ನು ನೋಡಿ, ಆ ವರ್ಷವೇ, ಬೇಲಿ ಇನ್ನೂ ಒಂದು ಮೊಳ ಮಾತ್ರ ಸರಿದಿರುವಾಗಲೇ, ದನಿಯೆತ್ತಬೇಕಾದವರು ಊರಿನ ಜನರೇ.